ಯಂತ್ರವನ್ನು ಕಾಯುವ ಕೆಲಸ ಚಾಲಕನಿಗೆ ಬೇಡ

ಗೆ,
ಸಂಪಾದಕರು

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಪ್ರಕಟವಾದ ಬರಹವೊಂದು, ಇಪ್ಪತ್ತು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಕಾರೊಂದನ್ನು ‘ಬಹುತೇಕ ತಾನೇ ಓಡುವ ಕಾರು’ ಎಂದು ಪರಿಚಯಿಸಿತ್ತು. ಬರಹ ಚೆನ್ನಾಗಿತ್ತು; ನನ್ನ ತಕರಾರು ಇರುವುದು ಆ ‘ಬಹುತೇಕ’ ಎಂಬ ಒಂದು ಮಾತಿನ ಬಗ್ಗೆ. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಈಗ ವಿಜಯಪುರದಲ್ಲಿ ನಿವೃತ್ತನಾಗಿರುವ ನನಗೆ ಯಂತ್ರಗಳ ಮೇಲೆ ಸಿಟ್ಟಿಲ್ಲ. ಮನುಷ್ಯನೇ ಪೂರ್ತಿ ಓಡಿಸುವ ಕಾರಿನ ಅಪಾಯ ನಮಗೆಲ್ಲ ಗೊತ್ತು. ಪೂರ್ತಿ ತಾನೇ ಓಡುವ ಕಾರಿನ ಅಪಾಯವನ್ನು ಅದನ್ನು ತಯಾರಿಸುವವರು ಲೆಕ್ಕ ಹಾಕುತ್ತಿದ್ದಾರೆ. ಇವೆರಡರ ನಡುವಿನ ಕಾರಿನಲ್ಲಿ ಸ್ಟೇರಿಂಗ್ ಹಿಂದೆ ಕುಳಿತವನ ಪಾಡನ್ನು ಮಾತ್ರ ನಮ್ಮ ಕಡೆ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಇಳಕಲ್ಲಿನ ಮದುವೆಯೊಂದನ್ನು ಮುಗಿಸಿಕೊಂಡು, ತಂಗಿಯ ಮಗನ ಹೊಸ ಕಾರಿನಲ್ಲಿ ರಾತ್ರಿ ವಿಜಯಪುರಕ್ಕೆ ಮರಳುತ್ತಿದ್ದೆ. ರಾಷ್ಟ್ರೀಯ ಹೆದ್ದಾರಿ 50ರ ಚತುಷ್ಪಥ ರಸ್ತೆ. ಕೃಷ್ಣಾ ಸೇತುವೆಯನ್ನು ದಾಟಿ ನಿಡಗುಂದಿಯನ್ನೂ ಹಿಂದೆ ಹಾಕಿದ್ದೆವು. ಹುಡುಗ ಒಂದು ಗುಂಡಿ ಒತ್ತಿ, ಕಾಲನ್ನು ಮಡಚಿಕೊಂಡು, ‘ಮಾಮಾ, ಈಗ ಗಾಡಿ ತಾನ ಹೊಂಟೈತಿ ನೋಡ್ರಿ’ ಎಂದ. ನಿಜಕ್ಕೂ ಕಾರು ಮುಂದಿನ ಲಾರಿಯಿಂದ ಅಳೆದಷ್ಟು ಅಂತರ ಇಟ್ಟುಕೊಂಡು, ಬಿಳಿ ಗೆರೆಗಳ ನಡುವೆ ಹದವಾಗಿ ಸಾಗಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವನು ಮದುವೆಯ ಫೋಟೊಗಳನ್ನು ನನಗೆ ತೋರಿಸತೊಡಗಿದ. ಆಗ ಮುಂದಿನ ಲಾರಿ ಏಕಾಏಕಿ ಬಲಕ್ಕೆ ಸರಿಯಿತು. ನಮ್ಮ ಕಾರು ಮುಂದಿನ ದಾರಿ ತೆರವಾಯಿತೆಂದು ತಿಳಿದು ವೇಗ ಹೆಚ್ಚಿಸಿಕೊಂಡಿತು. ಲಾರಿ ಸರಿದದ್ದಾದರೂ ಯಾಕೆಂದರೆ, ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಚ್ಚು ಮುರಿದುಕೊಂಡು ದೀಪವಿಲ್ಲದೆ ಅಲ್ಲಿಯೇ ನಿಂತಿತ್ತು. ನಾನು ಕೂಗಿದೆ, ಅವನು ಬ್ರೇಕ್ ತುಳಿದ. ಕಬ್ಬಿನ ಸುಳಿ ಗಾಜಿಗೆ ತಾಗುವಷ್ಟು ಹತ್ತಿರದಲ್ಲಿ ಕಾರು ನಿಂತಿತು.

ಹುಡುಗ ಅಜಾಗರೂಕನೆಂದು ಬೈದು ಸುಮ್ಮನಾಗಬಹುದಿತ್ತು, ಆ ರಾತ್ರಿ ನಾನು ಮಾಡಿದ್ದೂ ಅದನ್ನೇ. ಮರುದಿನ ಕಾರಿನ ಕೈಪಿಡಿಯನ್ನು ತರಿಸಿ ಓದಿದಾಗ, ನಡೆದದ್ದೆಲ್ಲವೂ ಅದರಲ್ಲಿ ಮೊದಲೇ ಬರೆದಿಟ್ಟಿರುವುದು ಕಂಡಿತು. ಮುಂದಿನ ವಾಹನ ಪಕ್ಕಕ್ಕೆ ಸರಿದಾಗ ಅದರಾಚೆ ನಿಂತಿರುವ ವಾಹನವನ್ನು ವ್ಯವಸ್ಥೆಯು ಗುರುತಿಸದೇ ಇರಬಹುದು ಎಂಬ ಎಚ್ಚರಿಕೆ ಸಣ್ಣ ಅಕ್ಷರಗಳಲ್ಲಿತ್ತು. ಇದಕ್ಕೆ ತಾಂತ್ರಿಕ ಕಾರಣವೂ ಉಂಟು. ಕಾರಿನ ಮುಂಭಾಗದ ರೇಡಾರಿಗೆ ರಸ್ತೆ ಬದಿಯ ಫಲಕ, ಸೇತುವೆಯ ಕಟಾಂಜನ, ವಿದ್ಯುತ್ ಕಂಬ ಎಲ್ಲವೂ ನಿಂತ ವಸ್ತುಗಳಾಗಿಯೇ ಕಾಣುತ್ತವೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಮುಂದೆ ಸಾಗುವುದೇ ಇಲ್ಲ. ಹಾಗಾಗಿ ವೇಗದಲ್ಲಿರುವಾಗ ಇಂಥ ಅನೇಕ ವ್ಯವಸ್ಥೆಗಳು ನಿಂತ ವಸ್ತುಗಳ ಪ್ರತಿಧ್ವನಿಗೆ ಕಡಿಮೆ ಬೆಲೆ ಕೊಡುತ್ತವೆ. ವಿನ್ಯಾಸಕಾರನಿಗೆ ಗೊತ್ತಿದ್ದ ಈ ಸಂಗತಿ ಕೈಪಿಡಿ ಬರೆದವನಿಗೂ ಗೊತ್ತಿತ್ತು, ಕಾರು ಕೊಂಡವನಿಗೆ ಮಾತ್ರ ಗೊತ್ತಿರಲಿಲ್ಲ. ಕೀಲಿ ಕೈಗಿಟ್ಟ ಶೋರೂಮಿನ ಹುಡುಗ ಅವನಿಗೆ ಹೇಳಿದ್ದು ‘ಇನ್ನು ನೀವು ಆರಾಮ ಕುಂತು ಹೋಗಬಹುದು ಸರ್’ ಎಂದಷ್ಟೇ.

ಸ್ವಯಂಚಾಲನೆಯನ್ನು ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿತು. ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ‘ಅಡಾಸ್’ (ಚಾಲಕನಿಗೆ ನೆರವಾಗುವ ಸುಧಾರಿತ ವ್ಯವಸ್ಥೆ) ಇರುವ ಕಾರುಗಳು ಎರಡನೆಯ ಹಂತವನ್ನು ದಾಟಿದವಲ್ಲ. ಆ ಹಂತದಲ್ಲಿ ಸ್ಟೇರಿಂಗನ್ನೂ ವೇಗವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ, ಆದರೆ ರಸ್ತೆಯನ್ನು ನೋಡುವ ಹೊಣೆ ಕ್ಷಣಕ್ಷಣವೂ ಮನುಷ್ಯನದೇ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಮನುಷ್ಯನ ಸ್ವಭಾವಕ್ಕೆ ಮಾತ್ರ ಒಗ್ಗುವುದಿಲ್ಲ.

ಚಿಕ್ಕಂದಿನಲ್ಲಿ ಹಿಂಗಾರಿ ಜೋಳ ತೆನೆಗಟ್ಟಿದಾಗ ಅಪ್ಪ ನನ್ನನ್ನು ಕವಣೆ ಕೊಟ್ಟು ಹೊಲದ ಅಟ್ಟದ ಮೇಲೆ ಹಕ್ಕಿ ಕಾಯಲು ಕೂರಿಸುತ್ತಿದ್ದ. ಬೆಳಗ್ಗೆ ಗುಬ್ಬಿ, ಗಿಳಿಗಳ ಹಿಂಡು ಮೇಲಿಂದ ಮೇಲೆ ಇಳಿಯುವಾಗ ನಿದ್ದೆ ಹತ್ತಿರವೂ ಸುಳಿಯುತ್ತಿರಲಿಲ್ಲ. ಮಧ್ಯಾಹ್ನ ಒಂದು ತಾಸು ಯಾವ ಹಕ್ಕಿಯೂ ಬಾರದಿದ್ದರೆ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು, ಹಕ್ಕಿಗಳು ಬಂದು ಕೂರುತ್ತಿದ್ದುದೂ ಆಗಲೇ. ಇದು ಹುಡುಗುತನದ ಸೋಮಾರಿತನ ಎಂದು ಬಹಳ ವರ್ಷ ತಿಳಿದಿದ್ದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೂ ಇದೇ ತೊಡಕು ಎದುರಾಗಿತ್ತೆಂಬುದು ಆಮೇಲೆ ಓದಿನಿಂದ ತಿಳಿಯಿತು. ಗಂಟೆಗಟ್ಟಲೆ ರೇಡಾರ್ ಪರದೆ ನೋಡುತ್ತ ಕುಳಿತ ಸೈನಿಕರಿಗೆ ಜಲಾಂತರ್ಗಾಮಿಯ ಗುರುತು ಕಣ್ಣೆದುರೇ ತಪ್ಪಿಹೋಗುತ್ತಿತ್ತು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಗಡಿಯಾರದಂಥದೊಂದು ಸಾಧನ ಮಾಡಿ, ಅದರ ಮುಳ್ಳು ಅಪರೂಪಕ್ಕೊಮ್ಮೆ ಒಂದರ ಬದಲು ಎರಡು ಹೆಜ್ಜೆ ಜಿಗಿದಾಗ ಗುರುತಿಸಬೇಕೆಂದು ಜನರನ್ನು ಎರಡು ಗಂಟೆ ಕೂರಿಸಿ ನೋಡಿದ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಅವರ ಗಮನ ಕುಸಿದಿತ್ತು. ಈ ಫಲಿತಾಂಶ ಪ್ರಕಟವಾದದ್ದು 1948ರಲ್ಲಿ. ಶಿಸ್ತು ಕಲಿತ ಸೈನಿಕನಿಗೆ ಆಗದ ಕೆಲಸವನ್ನು, ಮದುವೆ ಊಟ ಮಾಡಿ ರಾತ್ರಿ ಹೊರಟ ನಮ್ಮ ಹುಡುಗನಿಂದ ನಾವು ನಿರೀಕ್ಷಿಸುತ್ತಿದ್ದೇವೆ.

1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಸಂಶೋಧಕಿ, ಕಾರ್ಖಾನೆಗಳ ಸ್ವಯಂಚಾಲನೆಯನ್ನು ಕುರಿತು ಬರೆಯುತ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ತೋರಿಸಿದಂತೆ, ನಾವು ಸುಲಭದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಅದರಿಂದ ಆಗದ್ದನ್ನು ಮನುಷ್ಯನಿಗೆ ಉಳಿಸುತ್ತೇವೆ. ದಿನವೂ ಕೈಯಾಡಿಸುವ ಅವಕಾಶ ತಪ್ಪಿದ್ದರಿಂದ ಅವನ ಕೈಯ ಪಳಗಿಕೆಯೂ ಹೋಗಿರುತ್ತದೆ. ಮತ್ತು ಅತ್ಯಂತ ಕಠಿಣ ಗಳಿಗೆಯಲ್ಲಿ ಅವನನ್ನೇ ಕರೆಯುತ್ತೇವೆ. ವಿಮಾನಯಾನದಲ್ಲಿ ಈ ಮಾತಿಗೆ ದೊಡ್ಡ ಬೆಲೆ ತೆರಲಾಗಿದೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜು ಕಟ್ಟಿ ಸ್ವಯಂಚಾಲಕ ಕೈಬಿಟ್ಟಾಗ, ಪೈಲಟ್‌ಗಳಿಗೆ ಏನಾಗುತ್ತಿದೆ ಎಂಬುದೇ ಹೊಳೆಯದೆ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತರು. ಪೈಲಟ್‌ಗಳಿಗೆ ವರ್ಷಗಳ ತರಬೇತಿ ಇರುತ್ತದೆ, ಆಕಾಶದಲ್ಲಿ ನಿಮಿಷಗಳ ಕಾಲಾವಕಾಶವೂ ಇರುತ್ತದೆ. ರಸ್ತೆಯ ಮೇಲೆ ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡಿರುತ್ತದೆ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಎರಡು ತನಿಖೆಗಳನ್ನು ಇಲ್ಲಿ ನೆನೆಯಲೇಬೇಕು. 2016ರ ಮೇ ತಿಂಗಳಲ್ಲಿ ಫ್ಲಾರಿಡಾದ ವಿಲಿಸ್ಟನ್ ಬಳಿ ಟೆಸ್ಲಾ ಕಾರೊಂದು, ಹೆದ್ದಾರಿಗೆ ಅಡ್ಡಲಾಗಿ ತಿರುಗುತ್ತಿದ್ದ ಲಾರಿಯ ಟ್ರೇಲರ್ ಕೆಳಗೆ ನುಗ್ಗಿ ಚಾಲಕ ಸತ್ತ. ಬ್ರೇಕನ್ನು ಯಂತ್ರವೂ ಹಾಕಲಿಲ್ಲ, ಮನುಷ್ಯನೂ ಹಾಕಲಿಲ್ಲ. ಆ ಪ್ರಯಾಣದಲ್ಲಿ ‘ಆಟೊಪೈಲಟ್’ ಎಂಬ ಚಾಲನಾ ನೆರವು 37 ನಿಮಿಷ ಚಾಲೂ ಇತ್ತು. ಅಷ್ಟು ಹೊತ್ತಿನಲ್ಲಿ ಸ್ಟೇರಿಂಗ್ ಮೇಲೆ ಕೈ ಇದ್ದುದು ದಾಖಲಾದದ್ದು 25 ಸೆಕೆಂಡು ಮಾತ್ರ. ಚಾಲಕನು ಅಷ್ಟು ದೀರ್ಘಕಾಲ ಗಮನ ಬಿಟ್ಟಿರಲು ವಾಹನದ ವಿನ್ಯಾಸವೇ ಎಡೆಮಾಡಿಕೊಟ್ಟಿತ್ತು ಎಂಬುದನ್ನೂ ಮಂಡಳಿ ಕಾರಣಗಳಲ್ಲಿ ಸೇರಿಸಿತು. ಮುಂದೆ 2023ರ ಡಿಸೆಂಬರಿನಲ್ಲಿ ಚಾಲಕನ ಗಮನದ ಮೇಲೆ ನಿಗಾ ಸಾಲದೆಂಬ ಕಾರಣಕ್ಕೆ ಅದೇ ಕಂಪನಿ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶ ಸರಿಪಡಿಸಬೇಕಾಯಿತು.

ಎರಡನೆಯದು 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ಪಟ್ಟಣದಲ್ಲಿ ನಡೆದದ್ದು. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ಸತ್ತರು. ಯಂತ್ರ ಆಕೆಯನ್ನು ಕಾಣಲಿಲ್ಲವೇ? ಕಂಡಿತ್ತು, 5.6 ಸೆಕೆಂಡು ಮೊದಲೇ ಕಂಡಿತ್ತು. ಆದರೆ ಒಮ್ಮೆ ವಾಹನ ಎಂದಿತು, ಒಮ್ಮೆ ಯಾವುದೋ ವಸ್ತು ಎಂದಿತು, ಒಮ್ಮೆ ಸೈಕಲ್ ಎಂದಿತು; ಹೆಸರು ಬದಲಿಸಿದಾಗಲೆಲ್ಲ ಆಕೆ ಯಾವ ಕಡೆಗೆ ಸಾಗುತ್ತಿದ್ದಾರೆ ಎಂಬ ಹಿಂದಿನ ಲೆಕ್ಕವನ್ನು ಅಳಿಸಿ ಮೊದಲಿನಿಂದ ಶುರುಮಾಡಿತು. ದಾಟುವ ಪಟ್ಟೆ ಇಲ್ಲದ ಕಡೆಯಲ್ಲಿ ರಸ್ತೆ ದಾಟುವವರೂ ಪಾದಚಾರಿಗಳೇ ಎಂಬ ತಿಳಿವಳಿಕೆಯನ್ನೇ ಅದಕ್ಕೆ ಕೊಟ್ಟಿರಲಿಲ್ಲ. ಕಾರಿನ ಮೂಲ ತಯಾರಕರು ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪರೀಕ್ಷೆಯ ವೇಳೆ ನಿಷ್ಕ್ರಿಯಗೊಳಿಸಲಾಗಿತ್ತು. ಕಾರಿನೊಳಗೆ ಕುಳಿತು ಯಂತ್ರದ ಮೇಲೆ ಕಣ್ಣಿಡಲು ಮೊದಲು ಇಬ್ಬರು ಇರುತ್ತಿದ್ದ ಸಿಬ್ಬಂದಿಯನ್ನು ಒಬ್ಬರಿಗೆ ಇಳಿಸಲಾಗಿತ್ತು, ಆ ಒಬ್ಬರು ಮೊಬೈಲಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು. ಕೊನೆಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 2023ರಲ್ಲಿ ಮೂರು ವರ್ಷಗಳ ನಿಗಾವಣೆಯ (ಪ್ರೊಬೇಷನ್) ಶಿಕ್ಷೆ ಪಡೆದವರು ಆ ಸಿಬ್ಬಂದಿ. ಕಂಪನಿಯ ಮೇಲೆ ಅಪರಾಧ ಹೊರಿಸಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು 2019ರಲ್ಲೇ ಹೇಳಿಬಿಟ್ಟಿದ್ದರು. ಮೊಬೈಲ್ ನೋಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ, ವಿನ್ಯಾಸ, ಕಂಪನಿಯ ತೀರ್ಮಾನ ಎಲ್ಲವೂ ಸೇರಿ ಆದ ಅನಾಹುತಕ್ಕೆ ಕಡೆಯ ಸೆಕೆಂಡಿನಲ್ಲಿ ಸ್ಟೇರಿಂಗ್ ಹತ್ತಿರ ಇದ್ದವರೊಬ್ಬರೇ ಉತ್ತರ ಕೊಡಬೇಕಾಗಿ ಬಂದದ್ದನ್ನು ನಾವು ಮರೆಯಬಾರದು. ನಮ್ಮ ಕಬ್ಬಿನ ಟ್ರ್ಯಾಕ್ಟರಿಗೆ ಆ ರಾತ್ರಿ ಕಾರು ಬಡಿದಿದ್ದರೆ ಎಫ್‌ಐಆರ್‌ನಲ್ಲಿ ಬರುತ್ತಿದ್ದುದು ನನ್ನ ತಂಗಿಯ ಮಗನ ಹೆಸರೊಂದೇ.

ಟೆಂಪಿಯ ರಸ್ತೆಗಳು ಅಗಲವಾದವು, ಗೆರೆ ಎಳೆದವು, ಬಹುಮಟ್ಟಿಗೆ ಖಾಲಿ. ಅಂಥಲ್ಲಿಯೇ ಒಂದು ಸೈಕಲ್ಲು ಯಂತ್ರವನ್ನು ಗೊಂದಲಕ್ಕೆ ಕೆಡವಿದರೆ, ವಿಜಯಪುರದಿಂದ ಕೊಲ್ಹಾರ, ಗದ್ದನಕೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ರಸ್ತೆಯ ಗತಿಯೇನು? ಸುಗ್ಗಿಯ ದಿನಗಳಲ್ಲಿ ನಮ್ಮಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ, ಸೂರ್ಯಕಾಂತಿ, ತೊಗರಿಯನ್ನು ಅರ್ಧ ರಸ್ತೆಗೆ ಹರವಿ, ಅಂಚಿಗೆ ಕಲ್ಲು ಜೋಡಿಸಿ, ಹಾಯುವ ವಾಹನಗಳಿಂದಲೇ ರಾಶಿ ಮಾಡಿಸುತ್ತಾರೆ. ಕೆಟ್ಟು ನಿಂತ ಲಾರಿಯ ಹಿಂದೆ ಜಾಲಿಯ ಟೊಂಗೆ ಮುರಿದಿಟ್ಟಿದ್ದರೆ ಅದರರ್ಥ ನಮ್ಮ ಕಡೆಯ ಹತ್ತು ವರ್ಷದ ಹುಡುಗನಿಗೂ ಗೊತ್ತು. ಲಾರಿಯವನು ಬಲಗಡೆಯ ಇಂಡಿಕೇಟರ್ ಹಾಕಿದರೆ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದೂ ಆಗಬಹುದು, ‘ನೀನು ಮುಂದೆ ಹೋಗು’ ಎಂದೂ ಆಗಬಹುದು. ಎರಡರಲ್ಲಿ ಯಾವುದು ಎಂಬುದನ್ನು ಅವನ ವೇಗ, ಎದುರಿನ ರಸ್ತೆ, ಕಿಟಕಿಯಿಂದ ಹೊರಬಂದ ಅವನ ಕೈ ನೋಡಿ ನಾವು ಊಹಿಸುತ್ತೇವೆ. ಯುಗಾದಿಗೆ ಮುಂಚೆ ನಮ್ಮ ಕಡೆಯ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರು ಬಿಸಿಲು ತಪ್ಪಿಸಲು ರಾತ್ರಿ ನಡೆಯುತ್ತಾರೆ. ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟುತ್ತವೆ. ಇನ್ನು ಗೆರೆಯ ಮಾತು: ಹೊಸ ಡಾಂಬರು ಬಿದ್ದ ಮೇಲೆ ಬಿಳಿ ಗೆರೆ ಎಳೆಯುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ‘ಲೇನ್’ ಎಂಬುದಕ್ಕೆ ಕನ್ನಡದಲ್ಲಿ ‘ಪಥ’ ಎಂಬ ಮಾತಿದ್ದರೂ, ಆಡುಮಾತಿನಲ್ಲಿ ಬಹುಶಃ ಅದರ ಅಗತ್ಯವೇ ಯಾರಿಗೂ ಬೀಳಲಿಲ್ಲ. ಗೆರೆ ಮಾಯವಾದ ಕಡೆ ಕಾರಿನ ಲೇನ್ ನೆರವು ತಾನಾಗಿಯೇ ಕೈಬಿಡುತ್ತದೆ. ಫಲಕದ ಮೇಲಿನ ಹಸಿರು ಗುರುತು ಬೂದಿ ಬಣ್ಣಕ್ಕೆ ತಿರುಗುತ್ತದೆ, ಹೆಚ್ಚೆಂದರೆ ‘ಟಿಂಗ್’ ಎಂದು ಸದ್ದು ಮಾಡುತ್ತದೆ. ಹಾಡು ಹಾಕಿಕೊಂಡವನಿಗೆ ಅದು ಕೇಳುವುದಿಲ್ಲ. ಈಗ ಓಡಿಸುತ್ತಿರುವುದು ಯಂತ್ರವೋ ತಾನೋ ಎಂಬುದು ಚಾಲಕನಿಗೇ ಗೊತ್ತಿಲ್ಲದ ಈ ಕೆಲವು ಕ್ಷಣಗಳು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ.

ಮೂರನೆಯ ಹಂತದ, ಅಂದರೆ ರಸ್ತೆಯನ್ನೂ ಯಂತ್ರವೇ ನೋಡಿಕೊಂಡು ತನ್ನಿಂದ ಆಗದಾಗ ಮನುಷ್ಯನನ್ನು ಕರೆಯುವ ಕಾರುಗಳಿಗಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ರೂಪುಗೊಂಡ 157ನೆಯ ನಿಯಮವು, ಯಂತ್ರ ಕೈಬಿಡುವ ಮುನ್ನ ಮನುಷ್ಯನಿಗೆ 10 ಸೆಕೆಂಡುಗಳ ಅವಕಾಶ ಕೊಡಬೇಕೆಂದು ಹೇಳುತ್ತದೆ. ಅದೂ ಎಲ್ಲಿ? ಪಾದಚಾರಿಗಳಿಗೂ ಸೈಕಲ್ಲಿಗೂ ಪ್ರವೇಶವಿಲ್ಲದ, ನಡುವೆ ವಿಭಜಕವಿರುವ ರಸ್ತೆಗಳಲ್ಲಿ, ಮೊದಮೊದಲು ಗಂಟೆಗೆ 60 ಕಿ.ಮೀ. ಮಿತಿಯೊಳಗೆ. ನಮ್ಮ ಎರಡನೆಯ ಹಂತದ ಕಾರುಗಳಿಗೆ ಇಂಥ ಯಾವ ಅವಧಿಯ ಭರವಸೆಯೂ ಇಲ್ಲ, ಅವು ಎಲ್ಲ ರಸ್ತೆಗಳಲ್ಲೂ ಓಡುತ್ತವೆ.

ಇದಕ್ಕೆ ಉತ್ತರವಾಗಿ, ಮನುಷ್ಯ ಓಡಿಸುವುದರಿಂದಲೇ ಅಲ್ಲವೇ ಇಷ್ಟು ಜನ ಸಾಯುತ್ತಿರುವುದು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಕೇಂದ್ರ ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತಿದ್ದಾರೆ. ಯಂತ್ರದಿಂದ ಇದನ್ನು ತಗ್ಗಿಸಲು ಸಾಧ್ಯವಿದ್ದರೆ ಬೇಡವೆನ್ನುವುದು ಪಾಪ. ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಕೇಂದ್ರದ ಅಧ್ಯಯನಗಳಲ್ಲಿ, ಡಿಕ್ಕಿಯ ಮುನ್ನೆಚ್ಚರಿಕೆ ಮತ್ತು ಸ್ವಯಂಚಾಲಿತ ತುರ್ತು ಬ್ರೇಕ್ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಸಂಗಗಳು ಸುಮಾರು ಅರ್ಧಕ್ಕೆ ಇಳಿದಿವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತುರ್ತು ಬ್ರೇಕಿನ ಏರ್ಪಾಟಿನಲ್ಲಿ ಓಡಿಸುವವನು ಮನುಷ್ಯ, ಅವನು ತಪ್ಪಿದಾಗ ಕಾಯುವುದು ಯಂತ್ರ. ಯಂತ್ರಕ್ಕೆ ಬೇಸರವಿಲ್ಲ, ನಿದ್ದೆಯಿಲ್ಲ, ಕಾಯುವ ಕೆಲಸ ಅದಕ್ಕೆ ಹೇಳಿ ಮಾಡಿಸಿದ್ದು. ನಿಡಗುಂದಿಯಾಚೆ ನಮ್ಮ ಕಾರಿನಲ್ಲಿ ಆದದ್ದು ಇದರ ತಿರುಗುಮುರುಗು: ಓಡಿಸುತ್ತಿದ್ದುದು ಯಂತ್ರ, ಕಾಯಬೇಕಾದವನು ಮನುಷ್ಯ. ಒಂದೇ ಕಾರಿನಲ್ಲಿ, ಒಂದೇ ‘ಅಡಾಸ್’ ಹೆಸರಿನಡಿ ಈ ಎರಡೂ ಮಾರಾಟವಾಗುತ್ತವೆ. ಕೊಳ್ಳುವವನಿಗೆ ವ್ಯತ್ಯಾಸ ಹೇಳುವವರಿಲ್ಲ. ಮೊದಲನೆಯದನ್ನು ನಾನು ಎಲ್ಲರಿಗೂ ಹಾಕಿಸಿಕೊಳ್ಳಿ ಎನ್ನುತ್ತೇನೆ, ಎರಡನೆಯದನ್ನು ಬಂದ್ ಮಾಡಿಡಿ ಎನ್ನುತ್ತೇನೆ.

ಚಾಲಕರಹಿತ ಕಾರುಗಳಿಗೆ ದೇಶದಲ್ಲಿ ಅವಕಾಶ ಕೊಡುವುದಿಲ್ಲ, ಚಾಲಕರ ಹೊಟ್ಟೆಪಾಡು ಹೋಗುತ್ತದೆ ಎಂದು ಸಚಿವ ನಿತಿನ್ ಗಡ್ಕರಿಯವರು 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಉದ್ಯೋಗದ ಚಿಂತೆ ನ್ಯಾಯವಾದುದೇ. ಆದರೆ ಹೆಬ್ಬಾಗಿಲಿಗೆ ಅಗುಳಿ ಹಾಕಿ ಕುಳಿತಿರುವಾಗ ಅರೆಸ್ವಯಂಚಾಲನೆ ಹಿತ್ತಲ ಬಾಗಿಲಿಂದ ಮನೆಯೊಳಗೆ ಬಂದು ಕುಳಿತಿದೆ. 1988ರ ಮೋಟಾರು ವಾಹನ ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದ ಚಾಲಕ ಎರಡು ಕೈ, ಎರಡು ಕಾಲಿನಿಂದ ಕಾರು ಓಡಿಸುವ ಮನುಷ್ಯ. 2019ರ ತಿದ್ದುಪಡಿಯಲ್ಲಿ ಸೇರಿದ 2ಬಿ ಕಲಮು ಸಂಶೋಧನೆಗಾಗಿ ಕೆಲವು ವಾಹನಗಳಿಗೆ ವಿನಾಯಿತಿ ಕೊಡಲು ಕೇಂದ್ರಕ್ಕೆ ಅಧಿಕಾರ ಕೊಟ್ಟಿತೇ ಹೊರತು, ಸಾಮಾನ್ಯ ಗ್ರಾಹಕನ ಕಾರಿನಲ್ಲಿ ಹೊಣೆ ಎಲ್ಲಿ ಯಂತ್ರದ್ದು, ಎಲ್ಲಿ ಮನುಷ್ಯನದು ಎಂಬ ಗಡಿಯನ್ನು ಗುರುತಿಸಲಿಲ್ಲ. ಬ್ರಿಟನ್ 2024ರಲ್ಲಿ ತಂದ ಸ್ವಯಂಚಾಲಿತ ವಾಹನಗಳ ಕಾಯ್ದೆಯಲ್ಲಿ ಈ ಗಡಿಯನ್ನು ಎಳೆಯುವ ಪ್ರಯತ್ನವಿದೆ. ಅಷ್ಟೇ ಅಲ್ಲ, ಅಧಿಕೃತವಾಗಿ ಸ್ವಯಂಚಾಲಿತ ಎಂದು ಮಾನ್ಯವಾಗದ ಕಾರನ್ನು ಗ್ರಾಹಕರು ಹಾಗೆ ತಪ್ಪಾಗಿ ತಿಳಿಯುವಂತೆ ಪ್ರಚಾರ ಮಾಡುವುದೇ ಅಪರಾಧವೆಂದು ಆ ಕಾಯ್ದೆ ಹೇಳುತ್ತದೆ. ನಮ್ಮಲ್ಲಿಯೂ ಈ ಒಂದು ಅಂಶವನ್ನು ಕೂಡಲೇ ಅನುಸರಿಸಬೇಕೆಂದು ನನ್ನ ಆಗ್ರಹ.

ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ, ತಡವಾಗುತ್ತದೆ. ಇಲ್ಲಿಯೇ ಆಗಬಹುದಾದವೂ ಇವೆ. ಇಂಥ ಕಾರನ್ನು ನೋಂದಾಯಿಸುವಾಗ, ಯಾವ ಸಂದರ್ಭಗಳಲ್ಲಿ ಈ ನೆರವು ಕೆಲಸ ಮಾಡುವುದಿಲ್ಲ ಎಂಬುದನ್ನು ಗ್ರಾಹಕನಿಗೆ ಕನ್ನಡದಲ್ಲಿ ವಿವರಿಸಲಾಗಿದೆ ಎಂಬ ಸಹಿ ಮಾಡಿದ ಪತ್ರವನ್ನು ಆರ್‌ಟಿಒ ಕಚೇರಿ ಶೋರೂಮಿನಿಂದ ಕೇಳಬಹುದು. ಚಾಲನಾ ಶಾಲೆಗಳು ಕ್ಲಚ್ಚು ಗೇರಿನ ಜೊತೆಗೆ ಇದನ್ನೂ ಅರ್ಧ ದಿನ ಹೇಳಿಕೊಡಬಹುದು. ಸಕ್ಕರೆ ಕಾರ್ಖಾನೆಗಳು ತಮ್ಮ ಅಂಗಳಕ್ಕೆ ಬರುವ ಪ್ರತಿ ಟ್ರೇಲರಿನ ಹಿಂಬದಿಗೆ ಹೊಳೆಯುವ ಪಟ್ಟಿ ಮತ್ತು ಕೆಂಪು ದೀಪ ಇದ್ದರಷ್ಟೇ ತೂಕದ ಸೇತುವೆಗೆ ಬಿಡಬಹುದು. ಇದು ಯಂತ್ರದ ಕಣ್ಣಿಗೂ ಒಳ್ಳೆಯದು, ನನ್ನಂಥ ಮುದುಕನ ಕಣ್ಣಿಗೂ ಒಳ್ಳೆಯದು. ಹಂಗಾಮು ಶುರುವಾಗುವ ಮುನ್ನವೇ ಇದು ಆಗಬೇಕು, ಅಪಘಾತವಾದ ಮರುದಿನ ಅಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಇಂಥ ಕಾರುಗಳ ವಿಷಯ ಬರೆಯುವಾಗ ‘ಬಹುತೇಕ ತಾನೇ ಓಡುವ’ ಎನ್ನುವ ಬದಲು ‘ಚಾಲಕನಿಗೆ ನೆರವಾಗುವ’ ಎಂದು ಬರೆಯಬೇಕು. ಎರಡನೆಯದಾಗಿ, ನನ್ನ ತಂಗಿಯ ಮಗನ ಕಾರಿನ ಕೈಪಿಡಿ ನಾನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಪುಸ್ತಕ. ಅದರಲ್ಲಿ ಯಂತ್ರ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಹೇಳುವ ಪುಟಗಳು ಹನ್ನೊಂದು ಮಾತ್ರ. ಅವುಗಳ ಸಾರವನ್ನು ಕನ್ನಡದಲ್ಲಿ ಬರೆದು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಕಬ್ಬು ನುರಿಸುವುದು ಆರಂಭವಾಗುವ ಮೊದಲು ವಾಹನ ಪುಟದಲ್ಲಿ ಅದಕ್ಕೆ ಅರ್ಧ ಪುಟದ ಜಾಗ ಸಿಕ್ಕರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ,
ವಿಜಯಪುರ